ಕತ್ತಿಯಲ್ಲಿ ಗಡ್ಡ ಹೆರೆಯೋರಿಗೆ: ಸ್ಟ್ರೋಕ್ ಎಷ್ಟುದ್ದ ಇರ್ಬೇಕು?

ಸ್ಟ್ರೇಟ್ ರೇಜರ್, ಅಂದ್ರೆ ಮಡಚೋ ಕ್ಷೌರದ ಕತ್ತಿ, ಹೊಸ್ದಾಗಿ ಕೈಗೆ ಸಿಕ್ದೋರೆಲ್ಲ ಮಾಡೋ ಕೆಲ್ಸ ಒಂದೇ, ಕಿವಿ ಹತ್ರದಿಂದ ದವಡೆ ತನಕ ಸರ್ರಂತ ಒಂದೇ ಸ್ಟ್ರೋಕಲ್ಲಿ, ಅಂದ್ರೆ ಒಂದೇ ಏಟಿಗೆ, ಎಳೆಯೋದು. ಸಿನಿಮಾದಲ್ಲಿ ನೋಡಕ್ಕೆ ಚೆನ್ನಾಗಿರತ್ತೆ, ಮನೇಲಿ ಬೇಡ ಗುರು.

ನಿಮ್ಮ ಏರಿಯಾದ ಸಲೂನಿಗೆ ಹೋಗಿ (ಮಂಗಳವಾರ ಹೋಗ್ಬೇಡಿ, ಬಹಳಷ್ಟು ಕಡೆ ಬಾಗ್ಲು ಹಾಕಿರತ್ತೆ) ಪಕ್ಕದ ಚೇರಲ್ಲಿ ಶೇವಿಂಗ್ ನಡೀತಿದ್ರೆ ಸ್ವಲ್ಪ ಗಮನಿಸಿ, ಬ್ಲೇಡ್ ಇರೋ ಕೈ ಅಲ್ಲ, ಇನ್ನೊಂದು ಕೈ ನೋಡಿ. ಹೆಬ್ಬೆರಳಲ್ಲಿ ಚರ್ಮ ಎಳ್ದು ಹಿಡ್ದಿರ್ತಾರೆ, ಎಷ್ಟು ಜಾಗ ಬಿಗಿಯಾಗಿದ್ಯೋ ಅಷ್ಟೇ ದೂರ ಬ್ಲೇಡ್ ಹೋಗತ್ತೆ, ನಿಲ್ಲತ್ತೆ, ಎತ್ತಿ ಬೆರಳು ಜರುಗಿಸಿ ಮತ್ತೆ ಶುರು. ಸ್ಟ್ರೋಕ್ ಉದ್ದ ಡಿಸೈಡ್ ಮಾಡೋದು ಆ ಎಡಗೈನೇ. ಅಂದಹಾಗೆ ಅವ್ರ ಕೈಲಿರೋದು ಸಾಮಾನ್ಯವಾಗಿ ಶೇವೆಟ್, ಅರ್ಧ ಮುರಿದ ಬ್ಲೇಡ್ ಹಾಕೋದು. ನಿಜವಾದ ಕತ್ತಿಗಿಂತ ಹಗುರ, ತಪ್ಪಿದ್ರೆ ಕ್ಷಮಿಸೋದೂ ಕಮ್ಮಿ.

ಆಂಗಲ್ ಸುಮಾರು 30 ಡಿಗ್ರಿ. ಕತ್ತೀನ ಕೆನ್ನೆ ಮೇಲೆ ಪೂರ್ತಿ ಮಲಗ್ಸಿ, ಆಮೇಲೆ ಅದರ ಬೆನ್ನು (ಅಂಚಿನ ಎದುರು ಬದಿ ದಪ್ಪಗಿರೋ ಭಾಗ) ಎಷ್ಟು ದಪ್ಪ ಇದ್ಯೋ ಅದರ ಒಂದೂವರೆ ಪಟ್ಟು ಎತ್ತಿ, ಸಾಕು. ಜಾಸ್ತಿ ಎತ್ತಿದ್ರೆ ಚರ್ಮ ಕೆರೆಯತ್ತೆ, ತೀರಾ ಮಲಗ್ಸಿದ್ರೆ ಕೂದ್ಲು ಕಿತ್ತಂಗಾಗತ್ತೆ. ಉದ್ದ ಸ್ಟ್ರೋಕಲ್ಲಿ ತೊಂದ್ರೆ ಇರೋದೇ ಇಲ್ಲಿ, ಕೆನ್ನೆ ಮುಗ್ದು ದವಡೆ ತಿರುಗೋ ಕಡೆ ಮುಖದ ಆಕಾರ ಬದಲಾಗತ್ತೆ ಆದ್ರೆ ಮಣಿಕಟ್ಟು ಹಳೇ ಲೆಕ್ಕದಲ್ಲೇ ಹೋಗ್ತಿರತ್ತೆ, ಅಲ್ಲೇ ಕುಯ್ಯೋದು.

ಹಾಗಾಗಿ ಚಪ್ಪಟೆ ಇರೋ ಕೆನ್ನೇಲಿ 3-4 ಸೆಂಟಿಮೀಟರ್ ತನಕ ಓಕೆ, ಕಲಿಯೋವಾಗ 2 ಸಾಕು. ದವಡೆ ಮೂಳೆ ಬಂತಾ, ಎತ್ಬಿಡಿ, ಮೂಳೆ ಮೇಲಿನ ಚರ್ಮನ ಕೆನ್ನೆ ಕಡೆಗೆ ಮೇಲಕ್ಕೆ ಎಳ್ಕೊಂಡು ಅಲ್ಲಿ ಹೆರೀರಿ. ಗದ್ದದ ಮೇಲೆ 1 ಸೆಂಟಿಮೀಟರ್. ಮೀಸೆ ಜಾಗಕ್ಕೆ ಮೇಲ್ತುಟೀನ ಹಲ್ಲಿನ ಮೇಲೆ ಬಿಗಿ ಮಾಡಿ ಅದಕ್ಕಿಂತ ಚಿಕ್ಕದು, ಬರೀ ತಟ್ಟಿ ತಟ್ಟಿ ತೆಗ್ದಂಗೆ. ಗಂಟಲ ಗಂಟಿನ ಮೇಲೆ ನೇರ ಹೋಗ್ಲೇಬೇಡಿ, ಚರ್ಮನ ಪಕ್ಕಕ್ಕೆ ಸರಿಸ್ಕೊಂಡು ಪಕ್ಕದಲ್ಲೇ ಮುಗ್ಸಿ. ಇದೆಲ್ಲದಕ್ಕಿಂತ ಮುಖ್ಯ, ಬ್ಲೇಡ್ ಯಾವತ್ತೂ ಅದರ ಅಂಚಿನ ಉದ್ದಕ್ಕೇ ಜಾರಬಾರ್ದು, ಈರುಳ್ಳಿ ಹೆಚ್ಚೋ ಆ ಮೂವ್‌ಮೆಂಟ್ ಇದ್ಯಲ್ಲ ಅದು ಮುಖದ ಮೇಲೆ ಬಂದ್ರೆ ನೇರ ಗಾಯ. ಭಾರ ಹಾಕೋದೂ ಬೇಡ, ಕೂದ್ಲು ತುಂಡಾಗ್ತಿದ್ರೆ ಸಣ್ಣಗೆ ಕರಕರ ಸೌಂಡ್ ಬರತ್ತೆ. ಸೌಂಡ್ ಇಲ್ದೆ ಎಳೀತಿದ್ರೆ ಒತ್ತೋದಲ್ಲ, ಕತ್ತೀನ ಚರ್ಮದ ಪಟ್ಟಿ ಮೇಲೆ ಮತ್ತೆ ಸ್ಟ್ರಾಪ್ ಮಾಡಿ, ಅಂದ್ರೆ ಉಜ್ಜಿ, ಯಾವಾಗ್ಲೂ ಬೆನ್ನು ಮುಂದೆ, ಅಂಚು ಹಿಂದೆ.

ಮೊದಲ್ನೇ ಸುತ್ತು ಕೂದ್ಲು ಬೆಳೆದಿರೋ ದಿಕ್ಕಲ್ಲೇ. ಎರಡನೇದಕ್ಕೆ ಮತ್ತೆ ನೊರೆ ಹಚ್ಚಿ ಅಡ್ಡಡ್ಡ. ಉಲ್ಟಾ ಹೋಗೋದು ಕೈ ಪಳಗಿದ ಮೇಲೆ ನೋಡ್ಕೊಳಿ, ಆಫೀಸಿಗೆ ಹೋಗಕ್ಕೆ ಎರಡು ಸುತ್ತು ಧಾರಾಳ.

ನಮ್ಮ ಬೆಂಗ್ಳೂರಲ್ಲಿ ಇನ್ನೊಂದು ತಲೆನೋವು ನೀರು. ಬೋರ್‌ವೆಲ್ಲು, ಟ್ಯಾಂಕರ್ ನೀರು ಬಹಳಷ್ಟು ಸಲ ಗಡಸು, ಅದ್ರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಸಿಯಂ ಸೋಪ್ ಜೊತೆ ಸೇರಿ ಜಿಡ್ಡಾಗತ್ತೆ, ನೊರೆ ನಿಲ್ಲಲ್ಲ, ಒಣಗಿದ ನೊರೆ ಮೇಲೆ ಚಿಕ್ಕ ಸ್ಟ್ರೋಕೂ ಉರಿಯತ್ತೆ. ಕಾವೇರಿ ನೀರು ಬರೋ ಮನೆಯಾದ್ರೆ ಸರಿ, ಇಲ್ಲಾಂದ್ರೆ ನೊರೆಗೆ ಮಾತ್ರ ಅರ್ಧ ಲೋಟ ಆರ್‌ಓ ನೀರು ಬಿಸಿ ಮಾಡ್ಕೊಳಿ. ಮುಗಿದ ಮೇಲೆ ಕತ್ತಿ ಒರ್ಸಿ, ಪೂರ್ತಿ ಒಣಗ್ಸಿ, ಹೊಲಿಗೆ ಮಿಷಿನ್ ಎಣ್ಣೆ ಒಂದು ತೊಟ್ಟು ಸವರಿ ಇಡಿ, ಬಾತ್‌ರೂಮಿನ ಹೊರಗೆ.