ಬಾನೆಟ್ ಎತ್ತದೆ ಬೆಂಕಿ ಆರಿಸಿದೆ

ಎಂಜಿನ್‌ಗೆ ಬೆಂಕಿ ಹಿಡಿದರೆ ಬಾನೆಟ್ ಎತ್ತಬೇಡಿ, ಬೆಂಕಿ ಆರಿಸುವ ಸಿಲಿಂಡರ್‌ನ ಪೌಡರ್ ಸಂದಿಯಿಂದಲೇ ಹೊಡೆಯಿರಿ ಅಂತ ನಾನು ಹೇಳಿದಾಗಲೆಲ್ಲ ಹಾಸನದ ಟ್ಯಾಕ್ಸಿ ಸ್ಟ್ಯಾಂಡ್‌ನಲ್ಲಿ ನಗುತ್ತಿದ್ದರು. "ಬೆಂಕಿ ಒಳಗೆ, ಪೌಡರ್ ಹೊರಗೆ, ಮಂತ್ರ ಹಾಕಿ ಆರಿಸ್ತೀಯಾ?" ಅಂತ ಒಬ್ಬ ಕೇಳಿದ್ದ. ಕಳೆದ ಮಳೆಗಾಲ ಶಿರಾಡಿ ಘಾಟಿಯಲ್ಲಿ ನನ್ನದೇ ಗಾಡಿಗೆ ಬೆಂಕಿ ಬಿತ್ತು. ಬಾನೆಟ್ ಎತ್ತದೆಯೇ ಆರಿಸಿದೆ. ಅದೇ ಗಾಡಿ ಈಗಲೂ ಬಾಡಿಗೆಗೆ ಓಡುತ್ತಿದೆ.

ಅದಕ್ಕೂ ಮೊದಲು ಒಂದು ಗಾಡಿ ಕಳೆದುಕೊಂಡಿದ್ದೇನೆ, ಅದನ್ನೂ ಹೇಳಬೇಕು. 2014ರ ಬೇಸಿಗೆ. ಬೆಂಗಳೂರಿಗೆ ಡ್ರಾಪ್ ಕೊಟ್ಟು ಖಾಲಿ ಬರುತ್ತಿದ್ದೆ. ಬೆಳ್ಳೂರು ಕ್ರಾಸ್‌ಗೆ ಸ್ವಲ್ಪ ಮುಂಚೆ ಬಾನೆಟ್ ಸಂದಿಯಲ್ಲಿ ಹೊಗೆ. ಫಾಗ್ ಲೈಟು, ಜೋಡಿ ಹಾರ್ನು ಹೊಸದಾಗಿ ಹಾಕಿಸಿದ್ದೆ. ರಿಲೇ ಇಲ್ಲ, ಫ್ಯೂಸ್ ಇಲ್ಲ, ಬ್ಯಾಟರಿಯಿಂದ ನೇರ ಎಳೆದ ವೈರು. ವೈರು ಎಳೆದವನು ಅಂಗಡಿಯವನು, ಮುನ್ನೂರು ರೂಪಾಯಿ ಉಳಿಸೋಕೆ ರಿಲೇ ಬೇಡ ಅಂದವನು ನಾನೇ.

ಇಳಿದವನೇ ಎಲ್ಲರೂ ಮಾಡುವುದನ್ನೇ ಮಾಡಿದೆ. ಬಾನೆಟ್ ಪೂರ್ತಿ ಎತ್ತಿದೆ. ಭುಗ್ ಅಂತ ಬಂತು. ಅಲ್ಲಿಯವರೆಗೆ ಗಾಳಿ ಸಿಗದೆ ಹೊಗೆಯಾಡುತ್ತಿದ್ದ ಬೆಂಕಿಗೆ ನಾನೇ ಬಾಗಿಲು ತೆಗೆದ ಹಾಗಾಯಿತು. ಎರಡು ಬಾಟಲಿ ನೀರು ಎರಚಿದೆ, ಆಯಿಲ್ ಮೇಲೆ ಬಿದ್ದು ಚಟಪಟ ಅಂದು ಬೆಂಕಿ ಇನ್ನೂ ಹರಡಿತು. ಸಿಲಿಂಡರ್ ಎಲ್ಲಿತ್ತು ಅಂತೀರಾ? ಎಫ್‌ಸಿ (ಗಾಡಿಯ ಫಿಟ್‌ನೆಸ್ ತಪಾಸಣೆ) ದಿನ ಗೆಳೆಯನಿಂದ ಕೈಗಡ ತಂದು ತೋರಿಸಿ, ಸಂಜೆಗೆ ವಾಪಸ್ ಕೊಟ್ಟಿದ್ದೆ. ನಿಮ್ಮಲ್ಲೂ ಎಷ್ಟು ಜನ ಹೀಗೆ ಮಾಡಿದ್ದೀರಿ ಅಂತ ನನಗೆ ಗೊತ್ತು ಬಿಡಿ.

ಹುಬ್ಬು ಒಂದು ತಿಂಗಳು ಇರಲಿಲ್ಲ. ನಾದಿನಿ ಮದುವೆ ಫೋಟೋದಲ್ಲಿ ಈಗಲೂ ನೋಡಬಹುದು. ಗಾಡಿ ತಗಡಾಯಿತು. ಇನ್ಶೂರೆನ್ಸ್‌ನಲ್ಲಿ ನಾಲ್ಕೂವರೆ ಲಕ್ಷದ ಲೆಕ್ಕ ಇತ್ತು. ಹೊರಗಿನ ವೈರಿಂಗ್ ಮಾಡಿಸಿದ್ದೀರಿ ಅಂತ ಎಳೆದಾಡಿ, ಏಳೆಂಟು ತಿಂಗಳಾದ ಮೇಲೆ ಮೂರರ ಹತ್ತಿರ ಕೊಟ್ಟರು. ಅಷ್ಟರಲ್ಲಿ ಬಡ್ಡಿ ಎಷ್ಟು ಕಟ್ಟಿದೆ ಅಂತ ಲೆಕ್ಕ ಹಾಕೋಕೂ ಹೋಗಲಿಲ್ಲ.

ಎರಡನೇ ಸೋಲು 2018ರಲ್ಲಿ, ಚನ್ನರಾಯಪಟ್ಟಣದ ಹತ್ತಿರ, ಗೆಳೆಯನ ಗಾಡಿ. ಈ ಸಲ ನನ್ನ ಹತ್ತಿರ ಅರ್ಧ ಕೆಜಿ ಸಿಲಿಂಡರ್ ಇತ್ತು. ಅದರ ಮೀಟರಿನ ಮುಳ್ಳು ಹಸಿರಿನಲ್ಲೇ ಇತ್ತು. ಪಿನ್ ಕಿತ್ತು ಒತ್ತಿದರೆ ಪುಸ್ ಅಂತ ಬರೀ ಗ್ಯಾಸು, ಒಂದು ಚಿಟಿಕೆ ಪೌಡರ್. ಎರಡು ವರ್ಷ ಸೀಟಿನ ಕೆಳಗೆ ಕುಲುಕಿ ಕುಲುಕಿ ಪೌಡರ್ ತಳದಲ್ಲಿ ಸಿಮೆಂಟಿನ ಹಾಗೆ ಕೂತುಬಿಟ್ಟಿತ್ತು. ಮುಳ್ಳು ಒತ್ತಡ ಎಷ್ಟಿದೆ ಅಂತಷ್ಟೇ ಹೇಳುತ್ತದೆ, ಪೌಡರ್ ಸಡಿಲ ಇದೆಯಾ ಅಂತ ಹೇಳಲ್ಲ. ಈಗ ತಿಂಗಳಿಗೊಮ್ಮೆ ತಲೆಕೆಳಗು ಹಿಡಿದು, ರಬ್ಬರ್ ಸುತ್ತಿಗೆಯಲ್ಲಿ ತಳಕ್ಕೆ ನಾಲ್ಕು ತಟ್ಟು ತಟ್ಟುತ್ತೇನೆ. ಒಳಗೆ ಪೌಡರ್ ಜಾರುವುದು ಕೈಗೆ ಗೊತ್ತಾಗಬೇಕು.

ಆಮೇಲೆ ನನಗೆ ಹಟ ಬಂತು. ಗುಜರಿಯಿಂದ ಒಂದು ಕಾರಿನ ಮುಂಭಾಗ ಮಾತ್ರ ಮೂರೂವರೆ ಸಾವಿರಕ್ಕೆ ತಂದೆ. ಬ್ಯಾಟರಿ ಇಲ್ಲ, ಟ್ಯಾಂಕ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಮೆಕ್ಯಾನಿಕ್ ಗೆಳೆಯನ ಶೆಡ್ ಹಿಂದೆ ಖಾಲಿ ಮಣ್ಣಿನ ಜಾಗದಲ್ಲಿ ಇಟ್ಟು, ಡೀಸೆಲ್ ಬಟ್ಟೆ, ಹಳೆ ಹೋಸು ತುರುಕಿ ಹಚ್ಚಿದೆವು. ಬಾನೆಟ್ ಪೂರ್ತಿ ತೆಗೆದಾಗ ಒಂದು ಕೆಜಿಯ ಎರಡು ಸಿಲಿಂಡರ್ ಖಾಲಿ ಮಾಡಿದರೂ ಮತ್ತೆ ಹೊತ್ತಿಕೊಂಡಿತು, ಪೌಡರ್ ಅರ್ಧ ಗಾಳಿಗೇ ಹೋಯಿತು. ಗಾಡಿಯೊಳಗಿನ ಲಿವರ್ ಎಳೆದಾಗ ಬಾನೆಟ್ ತಾನಾಗಿ ಎರಡು ಬೆರಳು ಮೇಲೆದ್ದು ಎರಡನೇ ಕೊಕ್ಕೆಗೆ ನಿಲ್ಲುತ್ತದಲ್ಲ, ಆ ಸಂದಿಯಿಂದ ಹೊಡೆದಾಗ ಅರ್ಧ ಸಿಲಿಂಡರ್‌ಗೇ ಆರಿತು. ಪೌಡರ್ ಒಳಗೇ ಸುತ್ತಾಡುತ್ತದೆ, ಎಲ್ಲೂ ಹೋಗಲ್ಲ.

ಕೈ ಸುಮ್ನಿರಲಿಲ್ಲ, ಬೇರೆಯವೂ ನೋಡಿದೆವು. ಮರಳು ಸಂದಿಯಲ್ಲಿ ಒಳಗೆ ಹೋಗುವುದೇ ಇಲ್ಲ. ಒದ್ದೆ ಗೋಣಿಚೀಲ ಗ್ರಿಲ್‌ಗೆ ಮುಚ್ಚಿದರೆ ಹೊಗೆ ಕಮ್ಮಿ ಆಗುತ್ತದೆ, ಬೆಂಕಿ ಆರಲ್ಲ. ಮುಚ್ಚೋಕೆ ನೇರ ಮುಂದೆ ನಿಲ್ಲಬೇಕು, ಅದು ಬೇಡವೇ ಬೇಡ. ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಸಿಲಿಂಡರ್ ಚೊಕ್ಕ ಕೆಲಸ ಮಾಡಿತು, ಆದರೆ ಗಾಳಿ ಬೀಸಿದರೆ ಹೋಯಿತು, ರೇಟೂ ಜಾಸ್ತಿ. ಬಾನೆಟ್ ಕೇಬಲ್ ಎಷ್ಟು ಹೊತ್ತು ತಡೆಯುತ್ತದೆ ಅಂತಲೂ ನೋಡಿದೆವು. ಎರಡು ಮೂರು ನಿಮಿಷಕ್ಕೆ ಹೊರಗಿನ ಪ್ಲಾಸ್ಟಿಕ್ ಕರಗಿ ಲಿವರ್ ಸಡಿಲ ಆಯಿತು. ಅಂದರೆ ಇಳಿಯುವ ಮುಂಚೆಯೇ ಎಳೆಯಬೇಕು. ಒಟ್ಟು ಎಂಟೊಂಬತ್ತು ರೀಫಿಲ್, ಒಂದಕ್ಕೆ ಸುಮಾರು 300. ಮನೆಯಲ್ಲಿ ಬೈಗುಳ ಫ್ರೀ.

ಈಗ ಶಿರಾಡಿ ವಿಷಯ. ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದ ಒಂದು ಕುಟುಂಬ, ವಾಪಸ್ ಹಾಸನಕ್ಕೆ. ಗುಂಡ್ಯ ಬಿಟ್ಟು ಹತ್ತುತ್ತಿದ್ದೆವು, ಸಣ್ಣ ಮಳೆ. ಕೆಂಪುಹೊಳೆ ದಾಟಿದ ಮೇಲೆ ಬಾಣಲೆಯಲ್ಲಿ ಎಣ್ಣೆ ಸೀದ ಹಾಗೆ ವಾಸನೆ. ಆಮೇಲೆ ಗೊತ್ತಾಯಿತು, ಟರ್ಬೋಗೆ ಹೋಗುವ ಆಯಿಲ್ ಪೈಪು ಸೀಳಿ, ಕಾದ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕುತ್ತಿತ್ತು. ಘಾಟಿಯ ಲೋಡಿನಲ್ಲಿ ಅದು ಕೆಂಡದ ಹಾಗಿರುತ್ತದೆ. ಬಿಳಿ ಹೊಗೆ ಕಪ್ಪಾಗುವಷ್ಟರಲ್ಲಿ ಸ್ವಲ್ಪ ಅಗಲ ಇರುವ ಕಡೆ ಎಡಕ್ಕೆ ಹಾಕಿದೆ. ಹ್ಯಾಂಡ್ ಬ್ರೇಕ್, ಕೀ ಆಫ್, ಬಾನೆಟ್ ಲಿವರ್, ಸೀಟಿನ ಪಕ್ಕದ ಸಿಲಿಂಡರ್. ಎಲ್ಲ ಒಂದೇ ಉಸಿರಿಗೆ.

ಎಲ್ಲರನ್ನೂ ಎಡಗಡೆ ಬಾಗಿಲಿಂದ ಇಳಿಸಿದೆ. ಅಜ್ಜಿ ಇಳಿಯಲಿಲ್ಲ. "ಪ್ರಸಾದದ ಚೀಲ ಹಿಂದೆ ಇದೆ ಕಣಪ್ಪ, ತಗೊಡು" ಅಂತ ಕೂತರು. "ಅಜ್ಜಿ, ಸುಬ್ರಹ್ಮಣ್ಯ ನೋಡ್ಕೋತಾನೆ, ನೀವು ಇಳೀರಿ" ಅಂತ ಕೈ ಹಿಡಿದು ಇಳಿಸಿ, ಮಗನ ಜೊತೆ ನೂರಡಿ ಹಿಂದೆ, ಹೊಗೆ ಹೋಗದ ಕಡೆಗೆ ಕಳಿಸಿದೆ. ಹಿಂದೆ ನಿಂತ ಲಾರಿಯವರಿಗೆ 112ಕ್ಕೆ ಮಾಡಿ ಅಂದೆ. ಅಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ, ಒಬ್ಬರು ಕೆಳಗೆ ಹೋಗಿ ಮಾಡಿದರಂತೆ.

ಜ್ವಾಲೆ ಇನ್ನೂ ಹೊರಗೆ ಬಂದಿರಲಿಲ್ಲ. ಅದಕ್ಕೇ ಕೈ ಹಾಕಿದೆ. ಗಾಳಿ ಬೆನ್ನಿಗೆ ಇರುವ ಹಾಗೆ ಹೆಡ್‌ಲೈಟ್ ಪಕ್ಕ ಓರೆಯಾಗಿ ನಿಂತೆ. ಬಾನೆಟ್ ಎತ್ತಿ ಹಿಡಿಯುವ ಗ್ಯಾಸ್ ರಾಡು ಕಾದರೆ ಸಿಡಿಯುತ್ತದೆ, ಅದರ ದಾರಿಯಲ್ಲಿ ಮೈ ಇರಬಾರದು. ಮುಖ ಆ ಕಡೆ ತಿರುಗಿಸಿ, ಸಂದಿಯ ಮೂಲೆಗೆ ಸಿಲಿಂಡರ್ ಬಾಯಿ ಇಟ್ಟು ಎರಡು ಸೆಕೆಂಡ್ ಹೊಡೆದೆ, ನಿಲ್ಲಿಸಿದೆ. ಮತ್ತೆ ಎರಡು. ಒಂದು ಕೆಜಿ ಸಿಲಿಂಡರ್ ಬಿಡದೆ ಒತ್ತಿದರೆ ಹತ್ತು ಸೆಕೆಂಡ್‌ಗೆ ಖಾಲಿ, ಅದಕ್ಕೇ ಬಿಟ್ಟು ಬಿಟ್ಟು. ಮೂರನೇ ಸಲಕ್ಕೆ ಗ್ರಿಲ್‌ನಿಂದ ಬಿಳಿ ಪೌಡರ್ ವಾಪಸ್ ಉಕ್ಕಿತು. ಒಳಗಿನ ಗರಗರ ಸದ್ದು ನಿಂತಿತು.

ಲಾರಿಯವರು ಕೂಗುತ್ತಲೇ ಇದ್ದರು. "ಎತ್ತೋ ಬಾನೆಟ್ಟು! ನೀರು ಹಾಕೋ!" ಒಬ್ಬ ಕ್ಯಾನ್ ಹಿಡಿದು ಬಂದೇ ಬಿಟ್ಟ. ಅವನನ್ನು ತಡೆಯುವುದೇ ಬೆಂಕಿಗಿಂತ ಕಷ್ಟ ಆಯಿತು. ಐದು ನಿಮಿಷಕ್ಕೆ ಮತ್ತೆ ಎಳೆ ಹೊಗೆ ಬಂತು, ಉಳಿಸಿಕೊಂಡಿದ್ದು ಒಂದು ಸಲ ಹೊಡೆದೆ. ಆಮೇಲೆ ಅಗ್ನಿಶಾಮಕದವರು ಬರುವವರೆಗೆ, ಮುಕ್ಕಾಲು ಗಂಟೆ ಇರಬೇಕು, ನಾನು ಬಾನೆಟ್ ಮುಟ್ಟಲಿಲ್ಲ. ಅವರೇ ಎತ್ತಿದರು, ಬ್ಯಾಟರಿಯ ನೆಗೆಟಿವ್ ಬಿಚ್ಚಿದರು.

ಒಂದೇ ಸಿಲಿಂಡರ್ ನನ್ನ ಲೆಕ್ಕ. ಅದು ಖಾಲಿಯಾಗಿಯೂ ಉರಿಯುತ್ತಿದ್ದರೆ ಗಾಡಿ ಬಿಟ್ಟು ನಡೆಯುತ್ತಿದ್ದೆ. ಜ್ವಾಲೆ ಬಾನೆಟ್ ಹೊರಗೆ ಬಂದಿದ್ದರೆ, ಕೆಳಗೆ ಡೀಸೆಲ್ಲೋ ಪೆಟ್ರೋಲೋ ಸುರಿಯುತ್ತಿದ್ದರೆ, ಡ್ಯಾಶ್‌ಬೋರ್ಡ್ ಒಳಗೆ ಹೊಗೆ ಕಂಡರೆ ಸಿಲಿಂಡರ್ ಎತ್ತುವುದೇ ಇಲ್ಲ. ನನ್ನ ಇನ್ನೊಂದು ಗಾಡಿ ಸಿಎನ್‌ಜಿ. ಅದಕ್ಕೆ ಬೆಂಕಿ ಬಿದ್ದರೆ ಜನ ಇಳಿಸಿ ಓಡುವುದೊಂದೇ. ಎಲೆಕ್ಟ್ರಿಕ್ ಬ್ಯಾಟರಿಗಂತೂ ಈ ಪೌಡರ್ ಲೆಕ್ಕಕ್ಕೇ ಇಲ್ಲ.

ಖರ್ಚು: ಆಯಿಲ್ ಪೈಪು, ಎರಡು ಹೋಸು, ಅರ್ಧ ವೈರಿಂಗ್, ಟೋಯಿಂಗ್ ಸೇರಿ 28 ಸಾವಿರದ ಆಸುಪಾಸು. ಏಳು ಲಕ್ಷದ ಗಾಡಿ. ಪೌಡರ್ ಮಾತ್ರ ಹಾಗೇ ಬಿಡಬೇಡಿ, ತೇವ ಸಿಕ್ಕರೆ ಅಲ್ಯೂಮಿನಿಯಂ ತಿನ್ನುತ್ತದೆ. ನಾನು ಮೂರು ದಿನ ತಡ ಮಾಡಿದ್ದಕ್ಕೆ ಆಲ್ಟರ್ನೇಟರ್ ಹೋಯಿತು, ಅದು ಬೇರೆ ಆರು ಸಾವಿರ.

ಸಿಲಿಂಡರ್ ಕುಲುಕದ ಹಾಗೆ, ಆದರೆ ಒಂದೇ ಕೈಗೆ ಬರುವ ಹಾಗೆ ಸೀಟಿನ ಪಕ್ಕ ಕೂರಿಸಿದ್ದು ಹೇಗೆ ಅಂತ ಸ್ಟ್ಯಾಂಡ್‌ನವರೆಲ್ಲ ಈಗ ಕೇಳುತ್ತಿದ್ದಾರೆ. ಅದನ್ನು ಬರೆಯಲ್ಲ. ನಕ್ಕವರು ಬಂದು ಟೀ ಕೊಡಿಸಿದರೆ ತೋರಿಸುತ್ತೇನೆ. ಮಂತ್ರ ಅಂದವನು ಈಗಾಗಲೇ ಎರಡು ಟೀ ಕೊಡಿಸಿದ್ದಾನೆ, ಮೂರನೆಯದಕ್ಕೆ ನೋಡೋಣ ಅಂದಿದ್ದೇನೆ.

ಅಜ್ಜಿಯ ಪ್ರಸಾದದ ಚೀಲಕ್ಕೆ ಏನೂ ಆಗಿರಲಿಲ್ಲ. ಎಸಿ ಜೋರು ಮಾಡಿದರೆ ಮಾತ್ರ ಈಗಲೂ ಒಮ್ಮೊಮ್ಮೆ ಸಣ್ಣಗೆ ಪೌಡರ್ ಉದುರುತ್ತದೆ.