ವ್ಯಾನಿನ ಹಿಂದೆ ನನ್ನ ಕಾರು

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ನನ್ನ ಹೆಂಡತಿಯ ತಮ್ಮ ಒಂದು ಹಳೇ ಟೆಂಪೊ ಟ್ರಾವೆಲರ್ ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಎಲ್ಲ ಕೂಡಿಸಿ ಮನೆ ಮಾಡಿಕೊಂಡಿದ್ದಾನೆ. ಒಂದು ದಿನ ಬಂದವನೇ, "ಮಾವಾ, ಅಮೆರಿಕದಾಗ ಇಂಥ ಗಾಡಿ ಹಿಂದ ಕಾರು ಕಟ್ಕೊಂಡು ಹೋಗ್ತಾರಂತ್ರಿ. ನಾವೂ ಹಂಪಿಗೆ ಹಂಗ ಹೋಗೋಣೇನ್ರಿ?" ಅಂದ.

ಆಗೋದಿಲ್ಲ ಅಂದೆ. ನಮ್ಮ ರಸ್ತೆ ನಿಯಮದಲ್ಲಿ ಕೆಟ್ಟು ನಿಂತ ಗಾಡಿಯನ್ನು ಎಳೆಯಬಹುದು, ನೋಂದಣಿಯಾದ ಟ್ರೈಲರ್ ಎಳೆಯಬಹುದು. ಚೆನ್ನಾಗಿ ಓಡುವ ಕಾರನ್ನು ಶೋಕಿಗೆ ಕಟ್ಟಿಕೊಂಡು ಹೋಗುವ ಹಾಗಿಲ್ಲ. ಅವನ ಮುಖ ಸಣ್ಣದಾಯಿತು. ಕಡೆಗೆ ಅವನು ವ್ಯಾನು, ನಾನು ಕಾರು ಓಡಿಸಿಕೊಂಡು ಹೋದೆವು.

ವಾಪಸ್ ಬರುವಾಗ ಕುಡತಿನಿ ಹತ್ತಿರ ನನ್ನ ಕಾರಿನ ಎಂಜಿನ್ ಒಳಗಿನ ಟೈಮಿಂಗ್ ಬೆಲ್ಟ್ ಕಡಿದು ಎಂಜಿನ್ ನಿಂತುಹೋಯಿತು. "ಈಗ ಕೆಟ್ಟು ನಿಂತೈತಲ್ರಿ ಮಾವಾ, ಕಟ್ಟೋಣೇನ್ರಿ?" ಅಂತ ಹಲ್ಲು ಕಿರಿದ.

ಕಟ್ಟಬಹುದಿತ್ತು. ಜನ ಮೊದಲು ಭಾರ ಎಷ್ಟು ಅಂತ ಕೇಳುತ್ತಾರೆ. ನಾನು ಕೇಳೋದು ಗೇರ್‌ಬಾಕ್ಸ್ ಯಾವುದು ಅಂತ. ನನ್ನದು ಮುಂದಿನ ಚಕ್ರ ಎಳೆಯುವ ಮ್ಯಾನ್ಯುಯಲ್ ಕಾರು. ನ್ಯೂಟ್ರಲ್‌ನಲ್ಲಿಟ್ಟು ಎಳೆದರೆ ಚಕ್ರದ ಜತೆ ತಿರುಗುವ ಗೇರುಗಳೇ ಎಣ್ಣೆ ಎರಚಿಕೊಳ್ಳುತ್ತವೆ. ಬೊಲೆರೊ ತರಹ ಹಿಂದಿನ ಚಕ್ರ ಎಳೆಯುವ ಗಾಡಿಯಾಗಿದ್ದರೆ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚದೆ ದೂರ ಎಳೆಯುತ್ತಿರಲಿಲ್ಲ. ಅಂಥದ್ದರಲ್ಲಿ ಎಂಜಿನ್ ನಿಂತರೆ ಎಣ್ಣೆ ಎರಚುವ ಕೆಳಗಿನ ಶಾಫ್ಟೂ ನಿಲ್ಲುತ್ತದೆ. ಹಿಂದಿನ ಚಕ್ರಕ್ಕೆ ಸೇರಿದ ಮೇಲಿನ ಶಾಫ್ಟು ಮಾತ್ರ ಒಣಗಿಯೇ ತಿರುಗುತ್ತದೆ. ಆಟೊಮ್ಯಾಟಿಕ್ ಆಗಿದ್ದರಂತೂ ಹಗ್ಗ ಮುಟ್ಟೋದೇ ಬೇಡ. ಅದರ ಎಣ್ಣೆ ಪಂಪ್ ಓಡೋದೇ ಎಂಜಿನ್‌ನಿಂದ. ಸುಮ್ನೆ ಎಳೆದುಕೊಂಡು ಬಂದ ಒಂದು ಗೇರ್‌ಬಾಕ್ಸ್ ಬಿಚ್ಚಿ ನೋಡಿದ್ದೇನೆ, ಎಣ್ಣೆ ಕರ್ರಗಾಗಿ ಸುಟ್ಟ ವಾಸನೆ. ನಾಲ್ಕೂ ಚಕ್ರ ಸದಾ ಎಳೆಯುವ ಗಾಡಿ, ಎಲೆಕ್ಟ್ರಿಕ್ ಕಾರು ಇವಕ್ಕೆ ಗಾಡಿಯನ್ನೇ ಮೇಲೆ ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿಯೇ ಸರಿ. ಎಲೆಕ್ಟ್ರಿಕ್ ಕಾರಿನಲ್ಲಿ ಚಕ್ರ ತಿರುಗಿದರೆ ಮೋಟಾರೂ ತಿರುಗಿ ಕರೆಂಟ್ ಹುಟ್ಟಿಸುತ್ತದೆ, ಅದರಿಂದ ಗಾಡಿ ಕೆಡಬಹುದು.

ಡಿಕ್ಕಿಯಲ್ಲಿದ್ದ, ಗಾಡಿ ಎಳೆಯಲೆಂದೇ ಕೊಟ್ಟಿರುವ ಹುಕ್ ತೆಗೆದು ಮುಂದಿನ ಬಂಪರಿನ ತೂತಿಗೆ ತಿರುವಿದೆ. ಬಂಪರಿಗೇ ಹಗ್ಗ ಬಿಗಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಹತ್ತಿರ ಇದ್ದದ್ದು ನೈಲಾನ್ ಬೆಲ್ಟು. ಎರಡು ಗಾಡಿ ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಬಿಡುವ ಹಾಗಿಲ್ಲ, ಎಳೆಸಿಕೊಳ್ಳುವ ಗಾಡಿಯಲ್ಲೂ ಸ್ಟೀರಿಂಗ್ ಮುಂದೆ ಲೈಸೆನ್ಸ್ ಇರುವವರು ಕೂರಬೇಕು. ನಾನು ಕೂತೆ. ಕೀಲಿ ಆನ್ ಮಾಡಿಟ್ಟೆ, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಆಗಿಬಿಡುತ್ತದೆ. ಬಿಸ್ಕತ್ತಿನ ರಟ್ಟಿನ ಮೇಲೆ 'ಆನ್ ಟೋ' (ಎಳೆದೊಯ್ಯುತ್ತಿರುವ ಗಾಡಿ) ಅಂತ ದಪ್ಪಗೆ ಬರೆದು ಹಿಂದೆ ಅಂಟಿಸಿದೆವು.

25 ಕಿಲೋಮೀಟರ್ ವೇಗ ದಾಟಬೇಡ ಅಂತ ಹೇಳಿದ್ದೆ. ಪಕ್ಕದಲ್ಲಿ ಅದಿರು ಲಾರಿಗಳು ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದವು. ಒಂದು ಕಡೆ ಅವನು ಎತ್ತು ಕಂಡು ನಿಧಾನ ಮಾಡಿದ, ಬೆಲ್ಟು ಸಡಿಲಾಗಿ ರಸ್ತೆಗೆ ಬಿತ್ತು. ನಾನು ಬ್ರೇಕ್ ತುಳಿದೆ. ಪೆಡಲ್ ಕಲ್ಲು! ಎಂಜಿನ್ ಇಲ್ಲದಿದ್ದರೆ ಎರಡು ಮೂರು ಸಲ ಒತ್ತುವಷ್ಟರಲ್ಲೇ ಪೆಡಲ್ ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಮುಗಿಯುತ್ತದೆ ಅಂತ ದಿನಾ ಗಿರಾಕಿಗಳಿಗೆ ಹೇಳುವವನು ನಾನೇ. ಎರಡೂ ಕಾಲು ಕೊಟ್ಟು ಒತ್ತಿ ನಿಲ್ಲಿಸಿದಾಗ ವ್ಯಾನಿಗೂ ನನಗೂ ಒಂದು ಮೊಳ ಅಂತರ ಇತ್ತು.

ಆಮೇಲೆ ಬೆಲ್ಟು ಬಿಗಿಯಾಗೇ ಇರಲಿ ಅಂತ ದಾರಿಯುದ್ದಕ್ಕೂ ನಾನೇ ಹಗುರಾಗಿ ಬ್ರೇಕ್ ಹಿಡಿದುಕೊಂಡು ಬಂದೆ. ಮಾರನೇ ವಾರ ಬೆಲ್ಟಿನ ಹಾಗೆ ಸಡಿಲಾಗದ ಕಬ್ಬಿಣದ ಟೋ ಬಾರ್ (ಎರಡು ಗಾಡಿ ಜೋಡಿಸುವ ಸರಳು) ತರಿಸಿ ಅವನ ವ್ಯಾನಿನ ಮಂಚದ ಕೆಳಗೆ ಇಟ್ಟಿದ್ದೇನೆ.