ಸುಂಡೆಯ ಬೇರು, ಟೊಮೆಟೊ ಕುಡಿ: ಗಂಗಾವತಿಯ ಹಿತ್ತಲಿನಲ್ಲಿ ನನ್ನ ಅನುಭವ

ಗಂಗಾವತಿಯ ನಮ್ಮ ಹಿತ್ತಲು ಅರ್ಧ ಗುಂಟೆಗೂ ಕಡಿಮೆ, ಅದರಲ್ಲಿ ಬಿಸಿಲು ಸರಿಯಾಗಿ ಬೀಳುವುದು ನಾಲ್ಕು ಮಡಿಗಳಿಗೆ ಮಾತ್ರ. ಟೊಮೆಟೊ ಬೆಳೆದ ಮಣ್ಣಿಗೆ ಮುಂದಿನ ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕಬಾರದೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ನಾಲ್ಕೇ ಮಡಿಗಳಿರುವವನು ಅದನ್ನು ಪಾಲಿಸಹೊರಟರೆ ಮನೆಯ ಟೊಮೆಟೊ ತಿನ್ನಲು ಮೂರು ವರ್ಷ ಕಾಯಬೇಕಾಗುತ್ತದೆ. ನಾನು ಅದೇ ಮಡಿಗಳಲ್ಲಿ ಈಗ ಐದಾರು ವರ್ಷಗಳಿಂದ ಬಿಡದೆ ಟೊಮೆಟೊ ಬೆಳೆಯುತ್ತಿದ್ದೇನೆ.

ಮೊದಮೊದಲು ಹೂವು, ಕಾಯಿ ಎಲ್ಲ ಬಂದ ಮೇಲೆ ಗಿಡ ಹಸಿರಾಗಿರುವಾಗಲೇ ಮಧ್ಯಾಹ್ನಕ್ಕೆ ಜೋತುಬಿದ್ದು ಮೂರು ದಿನದಲ್ಲಿ ಸಾಯುತ್ತಿತ್ತು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟರೆ ಹಾಲಿನ ಎಳೆಯಂತಹ ದ್ರವ ಇಳಿಯುತ್ತಿತ್ತು. ದುಂಡಾಣು ಸೊರಗು ರೋಗವೆನ್ನಲು ಬೇರೆ ಪರೀಕ್ಷೆ ಬೇಕಾಗಲಿಲ್ಲ. ಕಿತ್ತ ಬೇರುಗಳ ತುಂಬ, ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜಂತುಹುಳು ಮಾಡಿದ ಗಂಟುಗಳೂ ಇದ್ದವು. ಹುಳು ಮಾಡಿದ ಗಾಯದಿಂದಲೂ ರೋಗ ಒಳಹೊಗುವುದರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಿ ಉಪಯೋಗವಿರಲಿಲ್ಲ.

ಹಣ ಸುರಿದದ್ದು ಈ ಹಂತದಲ್ಲಿಯೇ. ಬ್ಲೀಚಿಂಗ್ ಪುಡಿ ಹಾಕಿದ್ದರಿಂದ ಎರೆಹುಳುಗಳು ಸತ್ತವೇ ಹೊರತು ರೋಗ ನಿಲ್ಲಲಿಲ್ಲ. ಟ್ರೈಕೋಡರ್ಮಾ ಎಂಬ ಜೈವಿಕ ಮದ್ದು ಶಿಲೀಂಧ್ರ ರೋಗಗಳಿಗೆ ಸರಿ, ದುಂಡಾಣುವಿಗೆ ಅದು ಮದ್ದಲ್ಲ. ಒಂದು ಹಂಗಾಮು ಪೂರ್ತಿ ಚೆಂಡುಹೂವು ಬೆಳೆದಾಗ ಬೇರಿನ ಗಂಟುಗಳು ಕಡಿಮೆಯಾದವು, ಸೊರಗು ಹಾಗೆಯೇ ಉಳಿಯಿತು. ದಸರೆಗೆ ಹೂವು ಮಾರಿ ಇನ್ನೂರು ರೂಪಾಯಿ ಬಂದದ್ದಷ್ಟೇ ಲಾಭ. ಮಾಳಿಗೆಯ ಮೇಲೆ ಗ್ರೋಬ್ಯಾಗ್ ಇಟ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರಗಳಿಗೆಲ್ಲ ಸೇರಿ ಸುಮಾರು 5,000 ರೂಪಾಯಿ ಹಾಕಿದೆ. ಫೆಬ್ರುವರಿ ಮುಗಿಯುವಷ್ಟರಲ್ಲಿ ದಿನಕ್ಕೆ ಎರಡು ಬಾರಿ ನೀರುಣಿಸಿದರೂ ಬೇರು ಬೆಂದುಹೋಯಿತು.

ನಮ್ಮ ಬಿಸಿಲನ್ನು ಎಲ್ಲರೂ ಶಪಿಸುತ್ತಾರೆ, ನಾನು ಅದನ್ನೇ ಕೆಲಸಕ್ಕೆ ಹಚ್ಚಿದೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟುವುದಲ್ಲದೆ ರಾತ್ರಿಯೂ ತಂಪಾಗದ ಕಾರಣ ಪರಾಗ ಕೆಟ್ಟು ಹೂವು ಉದುರುತ್ತದೆ. ಆ ಕಾಲಕ್ಕೆ ಗಿಡ ಉಳಿಸಿಕೊಂಡು ಪ್ರಯೋಜನವಿಲ್ಲ. ಯುಗಾದಿಗೆ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತು, ಮಡಿಗಳನ್ನು ಚೆನ್ನಾಗಿ ನೆನೆಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂಳಿ ಕಾರಹುಣ್ಣಿಮೆಯವರೆಗೆ ಬಿಡುತ್ತೇನೆ. ಹಾಳೆಗೆ ಆರೇಳು ನೂರು ರೂಪಾಯಿಯಾಗುತ್ತದೆ, ಜೋಪಾನ ಮಾಡಿದರೆ ಎರಡು ಬೇಸಿಗೆ ಬಾಳುತ್ತದೆ. ಹಾಳೆಯಡಿ ಮಣ್ಣು ಕಾದು ಮೇಲಿನ ಅರ್ಧ ಅಡಿಯಲ್ಲಿ ಜಂತುಹುಳು ಬಹುಮಟ್ಟಿಗೆ ಕಡಿಮೆಯಾಯಿತು. ಆದರೆ ಆಳದಲ್ಲಿ ಉಳಿದ ದುಂಡಾಣು ಡಿಸೆಂಬರಿನಲ್ಲಿ ಮತ್ತೆ ಮೂರನೆಯ ಒಂದು ಪಾಲು ಗಿಡಗಳನ್ನು ಕೊಂದಿತು.

ಬದನೆ ಜಾತಿಯ ಕಾಡುಗಿಡವಾದ ಸುಂಡೆಯ ಬೇರಿಗೆ ಟೊಮೆಟೊ ಕುಡಿ ಕಸಿ ಮಾಡಲು ಹೊರಟದ್ದು ಆಗ. ಕೃಷಿಯಲ್ಲಿಯೇ ತಲೆ ನರೆತ ನಮ್ಮ ಸೋದರಮಾವ ನಕ್ಕು, "ಬದ್ನಿ ಜಾತಿ ಬೇರಿಗೆ ಟಮಾಟಿ ಹಚ್ಚಿದ್ರ ಬದ್ನಿಕಾಯಿ ರುಚಿನೇ ಬರ್ತದ, ಸುಮ್ನ ಬಿಡು" ಎಂದರು. ನಾನು ಬಿಡಲಿಲ್ಲ. ಬೇರಿಗೆ ಸೊರಗನ್ನೂ ಜಂತುಹುಳುವನ್ನೂ ತಡೆಯುವ ಸುಂಡೆ. ಮೇಲೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಟೊಮೆಟೊ ತಳಿ. ಬಿಳಿನೊಣದಿಂದ ಬರುವ ಎಲೆ ಮುಟುರು ನಂಜನ್ನು ತಡೆಯುವ ಗುಣ ಅದಕ್ಕಿರುವುದರಿಂದ ನೆಲದ ಕೆಳಗಿನ ರೋಗಕ್ಕೊಂದು, ಮೇಲಿನ ರೋಗಕ್ಕೊಂದು ಕಾವಲು ಸಿಕ್ಕಂತಾಯಿತು.

ಸುಂಡೆ ಬಹಳ ನಿಧಾನ. ನಾಗರ ಪಂಚಮಿಗೆ ಬಿತ್ತಿದರೆ ಮಹಾನವಮಿಯ ಹೊತ್ತಿಗೆ ಕಾಂಡ ಕಸಿಗೆ ಬರುತ್ತದೆ. ಟೊಮೆಟೊ ಬೀಜವನ್ನು ಗಣೇಶ ಚತುರ್ಥಿಯ ಆಸುಪಾಸಿನಲ್ಲಿ ಹಾಕಿದರೆ ಎರಡರ ದಪ್ಪವೂ ಹೊಂದುತ್ತದೆ. ಸುಂಡೆ ಬೀಜವನ್ನು ಬಿತ್ತುವ ಮೊದಲು ಯಾವುದರಲ್ಲಿ ನೆನೆಸುತ್ತೇನೆ ಎಂಬುದು ನನ್ನಲ್ಲಿಯೇ ಇರಲಿ. ಕಸಿಯ ಕೂಡು ಬಿಗಿಹಿಡಿಯಲು ಕ್ಲಿಪ್ ಕೊಳ್ಳುವ ಬದಲು ಸೈಕಲ್ಲಿನ ವಾಲ್‌ಟ್ಯೂಬನ್ನು ತುಂಡರಿಸಿ, ಉದ್ದಕ್ಕೆ ಸೀಳಿ ಬಳಸಿದೆ. ಹತ್ತಿಪ್ಪತ್ತು ರೂಪಾಯಿಯಲ್ಲಿ ಕೆಲಸ ಮುಗಿಯಿತು. ಕಸಿ ಸಸಿಗಳ ಮೊದಲ ತಂಡವನ್ನು ಪಡಸಾಲೆಯಲ್ಲಿ ಪ್ಲಾಸ್ಟಿಕ್ ಮುಚ್ಚಿ ಇಟ್ಟಾಗ ಒಳಗಿನ ಕಾವಿಗೆ ಹತ್ತರಲ್ಲಿ ಎಂಟು ಸಸಿಗಳು ಬಾಡಿದವು. ಮುಂದಿನ ತಂಡವನ್ನು ಬಚ್ಚಲುಮನೆಗೆ ಸಾಗಿಸಿ, ನೆಲಕ್ಕೆ ನೀರು ಚೆಲ್ಲಿ, ವಾರದ ಮಟ್ಟಿಗೆ ಕತ್ತಲಲ್ಲಿಟ್ಟು, ನಂತರ ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಬೆಳಕು ತೋರಿಸಿದಾಗ ಲೆಕ್ಕ ತಿರುಗುಮುರುಗಾಯಿತು. ಮನೆಯವರು ಅಷ್ಟು ದಿನ ಹೊರಗಿನ ನಲ್ಲಿಯ ಹತ್ತಿರ ಸ್ನಾನ ಮಾಡಿದ್ದನ್ನು ಇಂದಿಗೂ ಆಡಿಕೊಳ್ಳುತ್ತಾರೆ.

ದೀಪಾವಳಿಗೆ ನಾಟಿ. ಕಸಿಯ ಗಂಟು ನೆಲದಿಂದ ಎರಡು ಬೆರಳಾದರೂ ಮೇಲಿರಬೇಕು. ಮಣ್ಣು ಏರಿಸಿದರೆ ಟೊಮೆಟೊ ತನ್ನದೇ ಬೇರು ಬಿಟ್ಟು, ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟನ್ನು ಎರಡು ಅಂಗುಲ ಹರಡಿದ ಮೇಲೆ ತೇವ ಏರುಪೇರಾಗದೆ ಕಾಯಿಯ ತುದಿಕೊಳೆಯೂ ನಿಂತಿತು. ಎಳ್ಳಮವಾಸ್ಯೆಯ ಸುಮಾರಿಗೆ ಮೊದಲ ಕೊಯ್ಲು ಸಿಕ್ಕಿ ಹೋಳಿಹುಣ್ಣಿಮೆಯವರೆಗೆ ನಡೆಯುತ್ತದೆ. ಗಿಡಕ್ಕೆ ನಾಲ್ಕೈದು ಕಿಲೋದಂತೆ ಮೂವತ್ತು ಗಿಡಗಳಿಂದ ನೂರಿಪ್ಪತ್ತು ಕಿಲೋಗೆ ಕಡಿಮೆಯಾದದ್ದಿಲ್ಲ. ಸೊರಗಿಗೆ ಈಗ ಹಂಗಾಮಿಗೆ ಒಂದೆರಡು ಗಿಡ ಹೋಗಬಹುದು, ಅಷ್ಟೇ. ಮಾವನವರಿಗೆ ಬದನೆಯ ರುಚಿ ಸಿಕ್ಕಲಿಲ್ಲ, ಬುಟ್ಟಿ ಮಾತ್ರ ಪ್ರತಿವರ್ಷ ಕಳಿಸುತ್ತಾರೆ.

ಸುಂಡೆಯ ಮೇಲೆ ಮೆಣಸಿನಕಾಯಿಯನ್ನೂ ಕೂಡಿಸಿ ನೋಡಿದೆ, ಅದು ಹತ್ತಲಿಲ್ಲ. ರಸ್ತೆಬದಿಯ ಉಮ್ಮತ್ತಿಗೆ ಟೊಮೆಟೊ ಕಸಿ ಮಾಡಲು ಒಬ್ಬರು ಸಲಹೆ ಕೊಟ್ಟಿದ್ದರು. ಅದನ್ನು ಯಾರೂ ಮಾಡಬಾರದು, ಏಕೆಂದರೆ ಬೇರಿನಲ್ಲಿ ಹುಟ್ಟುವ ವಿಷ ಹಣ್ಣಿಗೂ ಏರುತ್ತದೆ. ಕಳೆದ ಹಂಗಾಮಿನಿಂದ ಓಣಿಯವರು ಕಸಿ ಸಸಿ ಕೇಳಿಕೊಂಡು ಬರುತ್ತಿದ್ದಾರೆ. ಒಂದಕ್ಕೆ 15 ರೂಪಾಯಿಯಂತೆ ಕೊಡುತ್ತೇನೆ, ಸುಂಡೆ ಬೀಜವನ್ನು ಮಾತ್ರ ಕೊಡುವುದಿಲ್ಲ.